ನೀಲಗಿರಿ ಬ್ಯಾಚಿನ ಅರ್ಜಿಗಳು

ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಹೋದ ತಿಂಗಳು ಫೋನು ಮಾಡಿದ್ದಳು. "ಸಾರ್, ಅರ್ಜಿ ತುಂಬೋ ಕಾಲ ಬಂತು. ಏನೇನು ನೋಡ್ಕಬೇಕು ಅಂತ ಒಂದು ಹಾಳೇಲಿ ಬರ್ದು ಕೊಡ್ರಿ" ಎಂದಳು. ಆಗಲಮ್ಮ ಎಂದೆ. ಬರೆಯಲು ಕೂತಾಗ ಇದು ಒಂದು ಹಾಳೆಗೆ ಮುಗಿಯುವಂಥದ್ದಲ್ಲ ಎಂದು ಗೊತ್ತಾಯಿತು. ಯಾವ ಕಾಲಂನಲ್ಲಿ ಏನು ತುಂಬಬೇಕೆಂಬುದು ಕಂಪ್ಯೂಟರಿನಲ್ಲೇ ಸಿಗುತ್ತದೆ, ವರ್ಷ ವರ್ಷ ಬದಲಾಗುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ. ಬೇರೆ ಕೆಲವು ಸಂಗತಿಗಳಿವೆ. ಮೊದಲಾಗಿದ್ದರೆ ಮನೆಯಲ್ಲಿ ಒಬ್ಬಳ ಹತ್ತಿರ ಬಾಯಲ್ಲಿ ಹೇಳಿ ಮುಗಿಸುತ್ತಿದ್ದೆ. ಈಗ ಬರೆಯುವುದೊಂದೇ ದಾರಿ.

ನಾನು ಕೆಲಸ ಮಾಡಿದ್ದು ದುರ್ಗದ ಹೊರಗೆ, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುವ ಕಡೆ ಇರುವ ಒಂದು ಖಾಸಗಿ ವಸತಿ ಶಾಲೆಯಲ್ಲಿ. ಎಂಟನೇ ತರಗತಿಯಿಂದ ಎರಡನೇ ಪಿಯುವರೆಗೆ ಒಂದೇ ಕಾಂಪೌಂಡು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಅನುಕೂಲಸ್ಥರೆಲ್ಲ ಮಕ್ಕಳನ್ನು ಅಲ್ಲಿಗೇ ಕಳಿಸಬೇಕೆನ್ನುತ್ತಿದ್ದರು. ಅಷ್ಟು ಅನುಕೂಲವಿಲ್ಲದವರು, ನಿಮ್ಮ ಮಗು ಬುದ್ಧಿವಂತ ಎಂದು ಯಾರಾದರೂ ಮೇಷ್ಟ್ರು ಹೇಳಿದ ಮೇಲೆ ಕಳಿಸುತ್ತಿದ್ದರು. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಗುಮಾಸ್ತನಾಗಿ ಸೇರಿದವನು. ಪಿಯು ಮುಗಿಸುವ ಮಕ್ಕಳ ಸಿಇಟಿ ಅರ್ಜಿ, ಕಾಲೇಜು ಅರ್ಜಿ, ಕೋರ್ಸಿನ ಆಯ್ಕೆ ಎಲ್ಲ ನನ್ನ ಮೇಜಿನ ಮೇಲೆ. ಮಕ್ಕಳು ನನಗೆ ಕಾಲಂ ಸಾರ್ ಎಂದು ಹೆಸರಿಟ್ಟಿದ್ದರು. ನನ್ನ ಹೆಂಡತಿ ಗಿರಿಜ ಅದೇ ಶಾಲೆಯ ಹುಡುಗಿಯರ ಹಾಸ್ಟೆಲಿಗೆ ವಾರ್ಡನ್. ಹಾಸ್ಟೆಲಿನ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ಮಕ್ಕಳ ಅಂಕಗಳು ನನಗೆ ಗೊತ್ತಿರುತ್ತಿದ್ದವು, ಮಕ್ಕಳು ಅವಳಿಗೆ ಗೊತ್ತಿರುತ್ತಿದ್ದರು.

ಅಲ್ಲಿ ಪ್ರತಿ ತಿಂಗಳ ಪರೀಕ್ಷೆಯ ನಂತರ ಪಿಯು ಮಕ್ಕಳನ್ನು ಅಂಕದ ಪ್ರಕಾರ ನಾಲ್ಕು ಬ್ಯಾಚು ಮಾಡುತ್ತಿದ್ದರು. ಎ, ಬಿ, ಸಿ, ಡಿ ಎಂದರೆ ಮಕ್ಕಳಿಗೆ ಬೇಸರವಾಗುತ್ತದೆ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬೆಟ್ಟಗಳ ಹೆಸರಿಟ್ಟರು. ಹಿಮಾಲಯ, ವಿಂಧ್ಯ, ಸಹ್ಯಾದ್ರಿ, ನೀಲಗಿರಿ. ಒಂದು ವಾರ ಹಿಡಿಯಲಿಲ್ಲ, ಮಕ್ಕಳಿಗೆ ಅರ್ಥವಾಯಿತು. ಊಟದ ಸಾಲಿನಲ್ಲಿ ಒಬ್ಬ, "ಲೇ, ನೀಲಗಿರಿ ಸೊಪ್ಪಿಗೆ ಕುರಿನೂ ಬಾಯಿ ಹಾಕಲ್ಲ ಕಣೋ" ಎಂದ. ಹೇಳಿದವನೂ ಆ ಕೊನೆಯ ಬ್ಯಾಚಿನವನೇ. ಸುತ್ತ ಇದ್ದವರೆಲ್ಲ ನಕ್ಕರು, ಅವನೂ ನಕ್ಕ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿದುಕೊಳ್ಳಬೇಕಾದ್ದು, ನೀಲಗಿರಿ ಬ್ಯಾಚಿನಲ್ಲಿ ದಡ್ಡರು ಇರುವುದಿಲ್ಲ. ಅಲ್ಲಿರುವ ಪ್ರತಿ ಮಗುವೂ ಅದಕ್ಕೆ ಹಿಂದೆ ಇನ್ಯಾವುದೋ ಊರಿನಲ್ಲಿ ಮೊದಲನೆಯದಾಗಿತ್ತು. ಬಾಗೂರಿನಿಂದ ಬಂದ ಒಬ್ಬ ಹುಡುಗ ನೆನಪಿಗೆ ಬರುತ್ತಾನೆ. ಭಾನುವಾರ ಮಕ್ಕಳು ಮನೆಗೆ ಫೋನು ಮಾಡುತ್ತಿದ್ದುದು ನನ್ನ ಮೇಜಿನಿಂದ. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅವ್ವ, ಇಲ್ಲಿಗೆ ಬಂದ್ಮೇಲೆ ನಂಗೆ ತಲೆ ಕಮ್ಮಿ ಆಗೈತೆ" ಎಂದ.

ಆ ಕಡೆಯಿಂದ ತಾಯಿ, ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಎಂದು ಕೇಳಿರಬೇಕು.

"ಊಟ ಅಲ್ಲವ್ವ. ಊರಾಗೆ ಫಸ್ಟ್ ಬರ್ತಿದ್ದೆ. ಇಲ್ಲಿ ನೂರಾ ನಲವತ್ತು."

ತಾಯಿಯ ದನಿ ನನಗೂ ಕೇಳಿಸಿತು. "ಊರು ತುಂಬ ಜನ ಓದೋ ಕಡೆ ನೂರಾ ನಲವತ್ತು ಅಂದ್ರೆ ಒಳ್ಳೇದೇ ಅಲ್ಲೇನೋ."

"ಇರೋದೇ ನೂರಾ ಎಂಬತ್ತು ಜನ ಅವ್ವ" ಎಂದು ಫೋನು ಇಟ್ಟ. ನನ್ನ ಕಡೆ ನೋಡದೆ ಹೋದ. ಅವನಿಗೆ ಬಂದಷ್ಟೇ ಅಂಕ ಹೊಸದುರ್ಗದ ಯಾವುದಾದರೂ ಸಾಧಾರಣ ಕಾಲೇಜಿನಲ್ಲಿ ಬಂದಿದ್ದರೆ ಉಪನ್ಯಾಸಕರು ಅವನನ್ನು ಮನೆಗೆ ಕರೆದು ಕಾಫಿ ಕೊಡುತ್ತಿದ್ದರು.

ಇನ್ನೊಂದು, ಅಪ್ಪ ಅಮ್ಮಂದಿರಿಗೆ ತಡವಾಗಿ ಗೊತ್ತಾಗುತ್ತಿದ್ದ ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವರಿಗೆ ಸೀಟಿನಲ್ಲಿ ಒಂದು ಪಾಲು ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಪಾಲು. ನಮ್ಮ ಶಾಲೆ ಊರಾಚೆ ಇದ್ದರೂ ನಗರದ ಮೇರೆಯೊಳಗೇ ಬರುತ್ತಿತ್ತು, ಮಾಧ್ಯಮ ಇಂಗ್ಲಿಷು. ಎಂಟನೇ ತರಗತಿಗೆ ಬಂದು ಸೇರಿದ ಮಗು ಎರಡನ್ನೂ ಗೇಟಿನಲ್ಲೇ ಬಿಟ್ಟು ಒಳಗೆ ಬಂದ ಹಾಗೆ. ಹಿಮಾಲಯದ ಮಕ್ಕಳಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ. ನೀಲಗಿರಿಯವರಿಗೆ ಅದೇ ಬೇಕಾಗಿತ್ತು. ಹೊಳಲ್ಕೆರೆ ಕಡೆಯ ತಂದೆಯೊಬ್ಬರು ನನ್ನ ಮುಂದೆ ಕೂತು ಅರ್ಧ ಗಂಟೆ ವಾದ ಮಾಡಿದ್ದರು.

"ನಮ್ಮೂರು ಹಳ್ಳಿ ಅಲ್ಲೇನ್ರಿ? ಬಸ್ಸು ಬರೋದೇ ದಿನಕ್ಕೆ ಎರಡು."

"ಊರು ಹಳ್ಳಿನೇ ಸ್ವಾಮಿ. ಮಗ ಓದಿದ ಶಾಲೆ ಎಲ್ಲಿತ್ತು ಅಂತ ಕೇಳ್ತಾರೆ."

"ಅಂದ್ರೆ ನಮ್ಮೂರ ಶಾಲೆಲೇ ಬಿಟ್ಟಿದ್ರೆ ಸೀಟು ಸಿಗ್ತಿತ್ತು ಅಂತೀರಿ."

"ಸಿಗಬಹುದಿತ್ತು."

"ಇದನ್ನ ಸೇರಿಸ್ಕಣಾಗ ಯಾಕೆ ಹೇಳ್ಲಿಲ್ಲ?"

ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಗೇಟಿನ ಪಕ್ಕದ ದೊಡ್ಡ ಫ್ಲೆಕ್ಸಿನಲ್ಲಿ ಮೆಡಿಕಲ್ ಸೀಟು ಸಿಕ್ಕ ಮಕ್ಕಳ ಮುಖಗಳಿದ್ದವು, ಅವನ್ನು ನೋಡಿ ಅವರು ಒಳಗೆ ಬಂದಿದ್ದರು. ಹಾಗೆಂದು ನಮ್ಮ ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ಸಿಬ್ಬಂದಿಗೆ ಕಾಯಿಲೆಯಾದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸುತ್ತಿದ್ದರು. ಆದರೆ ಅವರ ಲೆಕ್ಕಾಚಾರ ಬೇರೆ. "ಮೊದಲನೇ ಬ್ಯಾಚು ನಮ್ಮನ್ನ ಸಾಕ್ತೈತೆ ಕಣ್ರಿ. ಉಳಿದೋರು ಎಲ್ಲೋ ಒಂದು ಕಡೆ ಸೇರ್ಕಂತಾರೆ" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಬಹಳ ವರ್ಷ ಕಳೆದೆ.

ನಾನು ಸೇರಿದ ಕಾಲದಲ್ಲಿ ಅರ್ಜಿ ಕೈಯಲ್ಲಿ ತುಂಬುತ್ತಿದ್ದೆವು. ಮಗು ಎದುರಿಗೆ ಕೂರಬೇಕು, ನಾನು ಒಂದೊಂದೇ ಕಾಲಂ ಗಟ್ಟಿಯಾಗಿ ಓದಬೇಕು, ಅದು ಉತ್ತರ ಹೇಳಬೇಕು. ಒಬ್ಬೊಬ್ಬರಿಗೆ ಅರ್ಧ ಗಂಟೆ. ಬೆರಳಿಗೆಲ್ಲ ಇಂಕು. ಆ ಅರ್ಧ ಗಂಟೆಯಲ್ಲಿ ಮಗುವಿನ ಊರು, ತಂದೆಯ ಕಸುಬು, ಅದಕ್ಕೆ ಏನಾಗಬೇಕೆಂದಿದೆ ಎಲ್ಲ ಹೊರಬರುತ್ತಿತ್ತು. ಡಾಕ್ಟರ್ ಎಂದು ಬಾಯಲ್ಲಿ ಹೇಳಿ, ಕಣ್ಣಲ್ಲಿ ಬೇಡ ಎನ್ನುತ್ತಿದ್ದ ಎಷ್ಟೋ ಜನರನ್ನು ನೋಡಿದ್ದೇನೆ. ಆಮೇಲೆ ಕಂಪ್ಯೂಟರು ಬಂತು. ಮಕ್ಕಳ ವಿವರವನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಸೇರಿಸುವುದು, ಲ್ಯಾಬಿನಲ್ಲಿ ನಾಲ್ಕು ಜನ ಕೂತು ಅದನ್ನು ನೋಡಿ ಜಾಲತಾಣದಲ್ಲಿ ತುಂಬುವುದು. ಒಂದು ವಾರದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಎಲ್ಲರಿಗೂ ಒಂದೇ ಉತ್ತರವಿರುವ ಕಾಲಂ ಇದ್ದರೆ ಮೊದಲನೇ ಚೌಕದಲ್ಲಿ ಬರೆದು, ಅದರ ಮೂಲೆಯನ್ನು ಮೌಸಿನಲ್ಲಿ ಹಿಡಿದು ಕೆಳಕ್ಕೆ ಎಳೆದರೆ ನೂರಾ ಎಂಬತ್ತು ಸಾಲಿಗೂ ಅದೇ ಇಳಿದು ಬರುತ್ತದೆ. ಅದನ್ನು ಕಲಿತ ದಿನ ನಾನು ಮನೆಗೆ ಬಂದು ಗಿರಿಜಾಳಿಗೆ ಹೇಳಿ ಖುಷಿಪಟ್ಟಿದ್ದೆ.

ಇನ್ನು ಮಮತಾಳ ವಿಷಯ. ಈ ಬರಹಕ್ಕೆ ಕೂತದ್ದೇ ಇದಕ್ಕೆ.

ಧರ್ಮಪುರದಿಂದ ಆಚೆಗೆ, ಆಂಧ್ರದ ಗಡಿ ಹತ್ತಿರದ ಒಂದು ಹಳ್ಳಿಯವಳು. ಮನೆಯವರು ಕುರಿ ಸಾಕಿಕೊಂಡು, ಮಳೆ ನೋಡಿಕೊಂಡು ಕಡಲೆಕಾಯಿ ಬೆಳೆಯುವವರು. ನಮ್ಮ ಪ್ರವೇಶ ಪರೀಕ್ಷೆಯಲ್ಲಿ ಆ ಹೋಬಳಿಗೇ ಮೊದಲು ಬಂದು ಎಂಟನೇ ತರಗತಿಗೆ ಸೇರಿದಳು. ಪಿಯುಗೆ ಬರುವ ಹೊತ್ತಿಗೆ ನೀಲಗಿರಿಯಲ್ಲಿದ್ದಳು. ಒಂದು ಸಲ ಸಹ್ಯಾದ್ರಿಗೆ ಹತ್ತಿ, ಮುಂದಿನ ತಿಂಗಳು ಮತ್ತೆ ಇಳಿದಳು. ಗಿರಿಜಾಳಿಗೆ ಅವಳನ್ನು ಕಂಡರೆ ಒಂದು ಬಗೆಯ ಸಲಿಗೆ. ಕಾರಣ ಒಂದು ಮಧ್ಯಾಹ್ನದ ಸಂಗತಿ. ಹಾಸ್ಟೆಲಿನ ಕಾಂಪೌಂಡಿನಾಚೆ ಯಾರದೋ ಹಿಂಡಿನ ಕುರಿಯೊಂದು ಮರಿ ಹಾಕಲಾರದೆ ಒದ್ದಾಡುತ್ತಿತ್ತಂತೆ. ಕಾಯುವ ಮುದುಕನಿಗೆ ಕೈ ನಡುಕ. ಮಮತ ಗೋಡೆ ಹಾರಿ ಹೋಗಿ, ಕೈ ಹಾಕಿ, ಮರಿಯ ಮಡಿಚಿದ ಕಾಲನ್ನು ನೆಟ್ಟಗೆ ಮಾಡಿ ಹೊರಗೆ ತಂದಳಂತೆ. ಗೋಡೆ ಹಾರಿದ್ದಕ್ಕೆ ಬೈಯಬೇಕೆಂದು ಹೋದ ಗಿರಿಜ ಅಲ್ಲೇ ನಿಂತು ನೋಡಿದ್ದಳು.

ಸಂಜೆ ನನಗೆ ಹೇಳಿದಳು. "ಅಷ್ಟು ಹೊತ್ತಾದ್ರೂ ಅವಳ ಕೈ ಒಂದು ಸಲ ಅಲ್ಲಾಡಲಿಲ್ಲ ಕಣ್ರಿ. ಅದೇ ಕೈ ಟೆಸ್ಟ್ ಪೇಪರ್ ಹಿಡಿದ್ರೆ ನಡುಗ್ತೈತೆ."

ಮಮತಾಳಿಗೆ ಪಶುವೈದ್ಯ ಪದವಿಗೆ ಸೇರಬೇಕೆಂದಿತ್ತು. ಅವಳ ಅಂಕಕ್ಕೆ ಸಾಮಾನ್ಯ ಸಾಲಿನಲ್ಲಿ ಆ ಸೀಟು ಸಿಗುವುದು ಕಷ್ಟ. ಹಳ್ಳಿಯ ಪಾಲು, ಕನ್ನಡದ ಪಾಲು ಎರಡೂ ಎಂಟನೇ ತರಗತಿಯಲ್ಲೇ ಹೋಗಿದ್ದವು. ಆದರೆ ಒಂದು ಬಾಗಿಲು ತೆರೆದಿತ್ತು. ಕೃಷಿ, ಪಶುವೈದ್ಯದಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆ ಪಾಲು ಇದೆ. ಅದಕ್ಕೆ ಪ್ರತ್ಯೇಕವಾಗಿ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ, ಮೇವು, ಬೇಸಾಯದ ಸಾಮಾನು ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಅರ್ಜಿಯಲ್ಲಿ 'ರೈತರ ಪಾಲು ಕೋರುತ್ತೀರಾ' ಎಂಬ ಕಾಲಂನಲ್ಲಿ ಹೌದು ಎಂದು ತುಂಬಿ, ತಾಲ್ಲೂಕು ಕಚೇರಿಯ ಪತ್ರ ಇಟ್ಟುಕೊಂಡಿರಬೇಕು, ಅಷ್ಟೇ.

ಅವಳೇ ಆ ಪತ್ರ ತಂದು ನನ್ನ ಮೇಜಿನ ಮೇಲಿಟ್ಟಳು.

"ಸಾರ್, ನಮ್ಮಪ್ಪ ಮೂರು ಸಲ ಹಿರಿಯೂರಿಗೆ ಹೋಗಿ ಮಾಡಿಸ್ಕಂಡು ಬಂದಾನೆ. ಕಳೀಬ್ಯಾಡ್ರಿ."

"ಕಳೀತೀನಾ? ಇಪ್ಪತ್ತು ವರ್ಷದಿಂದ ಇದೇ ಕೆಲ್ಸ."

"ಪ್ರ್ಯಾಕ್ಟಿಕಲ್‌ನಾಗೆ ಜೋಳ ಯಾವ್ದು, ಸಜ್ಜೆ ಯಾವ್ದು ಅಂತ ಕೇಳ್ತಾರಂತೆ. ಅದೇನು ಪರೀಕ್ಷೆನಾ ಸಾರ್?"

"ನಮ್ಮ ಹಿಮಾಲಯದೋರಿಗೆ ಕೇಳು, ಅಕ್ಕಿ ಮರದಲ್ಲಿ ಬಿಡ್ತೈತೆ ಅಂತಾರೆ" ಎಂದೆ. ಅವಳು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. ಪತ್ರವನ್ನು ಅವಳ ಹೆಸರಿನ ಕವರಿಗೆ ಹಾಕಿ ಬೀರುವಿನಲ್ಲಿಟ್ಟೆ.

ಆ ವರ್ಷ ಲ್ಯಾಬು ಮಾದರಿ ಪರೀಕ್ಷೆಗೆ ಬೇಕೆಂದು ಕಾರ್ಯದರ್ಶಿಗಳು ಎಲ್ಲ ಅರ್ಜಿ ಒಂದೇ ದಿನ ಮುಗಿಸಲು ಹೇಳಿದರು. ನಾನು ಬೆಳಿಗ್ಗೆ ಎಕ್ಸೆಲ್ ಹಾಳೆ ಸಿದ್ಧ ಮಾಡಿದೆ. ರೈತರ ಪಾಲು ಎಂಬ ಕಾಲಂ ಬಂತು. ನಮ್ಮ ಶಾಲೆಯಿಂದ ಅದನ್ನು ಕೇಳುವವರು ಇರುತ್ತಿರಲಿಲ್ಲ. ಎಲ್ಲರದ್ದೂ ಮೆಡಿಕಲ್ಲು, ಇಂಜಿನಿಯರಿಂಗು. ಹಿಂದಿನ ವರ್ಷಗಳಂತೆ ಮೊದಲ ಸಾಲಿನಲ್ಲಿ 'ಇಲ್ಲ' ಎಂದು ಬರೆದು ಕೆಳಕ್ಕೆ ಎಳೆದೆ. ಮಮತಾಳ ಸಾಲು ನೂರಾ ಐವತ್ತೇಳನೆಯದು. ಅದರ ಮೇಲೂ ಇಳಿದು ಹೋಯಿತು. ಆ ಹೊತ್ತಿಗೆ ನನ್ನ ಮನಸ್ಸಿಗೆ ಅವಳ ಮುಖವಾಗಲಿ, ಕವರಾಗಲಿ ಬರಲಿಲ್ಲ. ಸಂಜೆ ಮಕ್ಕಳು ಸಾಲಾಗಿ ಬಂದು ಮುದ್ರಿಸಿದ ಪ್ರತಿಗೆ ಸಹಿ ಹಾಕಿದರು. "ಕೊನೇ ಪುಟಕ್ಕೆ ಸಹಿ ಹಾಕ್ರಿ, ಮುಂದೆ ನಡೀರಿ" ಎನ್ನುತ್ತಿದ್ದವನೂ ನಾನೇ. ಅವಳೂ ಸಹಿ ಹಾಕಿ ನಡೆದಳು. ತಿದ್ದುಪಡಿಗೆಂದು ಆಮೇಲೆ ಕೆಲವು ದಿನ ಕೊಟ್ಟಿದ್ದರು. ಹಿಮಾಲಯದ ಒಬ್ಬನ ಫೋಟೊ ಮಸುಕಾಗಿತ್ತು, ಅವರ ತಂದೆ ಮೂರು ಸಲ ಫೋನು ಮಾಡಿದರು. ಆ ದಿನಗಳನ್ನು ಫೋಟೊ ಸರಿಮಾಡುವುದರಲ್ಲಿ ಕಳೆದೆ.

ಪ್ರಾಯೋಗಿಕ ಪರೀಕ್ಷೆಯ ದಿನಾಂಕ ಪೇಪರಿನಲ್ಲಿ ಬಂದಾಗ ಮಮತ ಬಂದು, "ಸಾರ್, ನನ್ನ ಹಾಲ್ ಟಿಕೆಟ್ ಕಾಣ್ತಿಲ್ಲ" ಎಂದಳು. ನಾನು ಅವಳ ಅರ್ಜಿ ತೆಗೆದು ನೋಡಿದೆ. ಅಲ್ಲಿ 'ಇಲ್ಲ' ಎಂದಿತ್ತು. ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, "ವಿಚಾರಿಸ್ತೀನಿ, ನಾಡಿದ್ದು ಬಾ" ಎಂದೆ.

ಮರುದಿನ ರಜೆ ಹಾಕಿ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದ ಕಚೇರಿಗೆ ಹೋದೆ. ಗಿರಿಜಾಳಿಗೆ ಕಚೇರಿ ಕೆಲಸ ಎಂದಿದ್ದೆ. ಕಿಟಕಿಯ ಹಿಂದಿದ್ದ ಹೆಂಗಸು ಅರ್ಜಿ ನೋಡಿ, ಸಮಾಧಾನವಾಗಿಯೇ ಕೇಳಿದರು. "ವಿದ್ಯಾರ್ಥಿನೇ 'ಇಲ್ಲ' ಅಂತ ತುಂಬಿದಾರಲ್ಲ ಸಾರ್? ಸಹಿನೂ ಇದೆ." ನಾನು, ತುಂಬಿದ್ದು ನಾನು ಎಂದೆ. "ತಿದ್ದೋಕೆ ಟೈಮ್ ಕೊಟ್ಟಿದ್ವಲ್ಲ" ಎಂದರು. ಹೌದು ಎಂದೆ. ನನ್ನ ಹಿಂದೆ ಬಹಳ ಜನ ನಿಂತಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡೆ. ಹಿರಿಯೂರು ದಾಟುವಾಗ ಮಾತು ಸರಿಯಾಗಿಯೇ ಇತ್ತು.

ಅವಳು ಬಂದು ಮೇಜಿನ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ಬೇರೆ. "ಅಂಕ ನೋಡಿ ಕರೀತಾರಂತಮ್ಮ. ನಿನ್ನ ಅಂಕಕ್ಕೆ ಕರೆ ಬಂದಿಲ್ಲ" ಎಂದೆ.

ಹಿಮಾಲಯದ ಹುಡುಗನಿಗೆ ಇದೇ ಮಾತು ಹೇಳಿದ್ದರೆ ಅವರಪ್ಪ ಅರ್ಧ ಗಂಟೆಯಲ್ಲಿ ಬಂದು ಮೇಜು ಗುದ್ದುತ್ತಿದ್ದರು, ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಮಮತ ಒಂದೂ ಪ್ರಶ್ನೆ ಕೇಳಲಿಲ್ಲ. "ಹೌದಾ ಸಾರ್" ಎಂದಳು. "ಅಪ್ಪಂಗೆ ಏನ್ ಹೇಳಾಣ?" ಎಂದು ತನಗೆ ತಾನೇ ಎಂಬಂತೆ ಕೇಳಿ, ಕವರು ತೆಗೆದುಕೊಂಡು ಹೋದಳು. ಐದು ವರ್ಷ ಆ ಕಾಂಪೌಂಡಿನಲ್ಲಿ ಇದ್ದವಳಿಗೆ, ಯಾವುದು ಸಿಗದಿದ್ದರೂ ತನ್ನ ಅಂಕವೇ ಕಾರಣ ಎಂಬುದು ಅಭ್ಯಾಸವಾಗಿ ಹೋಗಿತ್ತು. ನಾನು ಆ ಅಭ್ಯಾಸದ ಹಿಂದೆ ಅಡಗಿಕೊಂಡೆ. ನನ್ನ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳು ಅನೇಕ. ಆದರೆ ಮೌಸು ಎಳೆದದ್ದಕ್ಕಿಂತ ಈ ಮಾತೇ ದೊಡ್ಡ ತಪ್ಪು.

ಆ ಸಂಜೆ ಗಿರಿಜಾಳಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ನಿಲ್ಲಿಸಲಿಲ್ಲ.

"ನಾಳೆ ಹೋಗಿ ನಿಜ ಹೇಳ್ರಿ."

"ಕೆಲ್ಸ ಹೋಗ್ತೈತೆ."

"ಹೋಗ್ಲಿ. ನನ್ನ ಸಂಬಳ ಐತೆ, ಎರಡು ಹೊಟ್ಟೆಗೆ ಸಾಕು. ಆ ಹುಡುಗಿ ತಾನು ದಡ್ಡಿ ಅನ್ಕಂಡು ಊರಿಗೆ ಹೋಗ್ತಾಳೆ. ಅದು ಬ್ಯಾಡ."

"ಹೇಳ್ತೀನಿ" ಎಂದೆ. ಮರುದಿನ ಹೇಳಲಿಲ್ಲ. ಅದರ ಮರುದಿನ ಮಮತಾಳ ತಂದೆ ಟ್ರಂಕು ತೆಗೆದುಕೊಂಡು ಹೋಗಲು ಬಂದರು. ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಕಚೇರಿಯ ಬಾಗಿಲಿಗೆ ಬಂದು ನನಗೂ ಕೈಮುಗಿದರು. "ಅವಳ ಹಣೇಲಿ ಇದ್ದಂಗೆ ಆಗ್ಲಿ ಸಾಮಿ. ನೀವು ಮಾಡೋದು ಮಾಡೀರಿ" ಎಂದರು. ಆಗಲೂ ಹೇಳಲಿಲ್ಲ. ನೀಲಗಿರಿ ಬ್ಯಾಚಿನಲ್ಲಿ ಒಂದು ಸೀಟು ತಪ್ಪಿದ್ದನ್ನು ಶಾಲೆಯಲ್ಲಿ ಯಾರೂ ಗಮನಿಸಲಿಲ್ಲ, ನನ್ನನ್ನು ಯಾರೂ ಕೇಳಲಿಲ್ಲ. ಅವಳು ಹತ್ತನೇ ತರಗತಿಯ ಅಂಕದ ಮೇಲೆ ಪಶುಸಂಗೋಪನೆಯ ಡಿಪ್ಲೊಮಾಕ್ಕೆ, ತನಗಿಂತ ಎರಡು ವರ್ಷ ಚಿಕ್ಕವರ ಜೊತೆ ಸೇರಿದಳೆಂದು ಆಮೇಲೆ ಗೊತ್ತಾಯಿತು.

ಮುಂದಿನ ವರ್ಷದಿಂದ ನಾನು ಮತ್ತೆ ಹಳೆಯ ಪದ್ಧತಿಗೆ ಹೋದೆ. ಪ್ರತಿ ಮಗುವನ್ನೂ ಎದುರು ಕೂರಿಸಿಕೊಂಡು, ಕಾಲಂಗಳನ್ನು ಗಟ್ಟಿಯಾಗಿ ಓದಿ, ಅದರ ಉತ್ತರ ಕೇಳಿದ ಮೇಲೆ ತುಂಬುವುದು. ನೀಲಗಿರಿಯಿಂದ ಶುರು ಮಾಡುತ್ತಿದ್ದೆ. ಕಾರ್ಯದರ್ಶಿಗಳು ಬಂದು ನೋಡಿ, "ಏನ್ರಿ ಇದು, ರೇಷನ್ ಅಂಗಡಿ ಥರ ಸಾಲು?" ಎಂದರು. ಹಾಗೇ ಆಗಬೇಕು ಸಾರ್ ಎಂದೆ. ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹೊಸದುರ್ಗದ ಒಬ್ಬನಿಗೆ ರೈತರ ಪಾಲಿನಲ್ಲಿ ತೋಟಗಾರಿಕೆ ಪದವಿಯ ಸೀಟು ಸಿಕ್ಕಿತು. ಅವನನ್ನು ಕರೆದುಕೊಂಡು ಹೋಗಿ ಕಾರ್ಯದರ್ಶಿಗಳಿಗೆ ತೋರಿಸಿದೆ. ಅವನಿಗೆ ಒಳ್ಳೆಯದಾಗಲಿ ಎಂದು ಹರಸಿ, ಅವನು ಹೊರಟ ಮೇಲೆ, "ಇದನ್ನ ಫ್ಲೆಕ್ಸಿಗೆ ಹಾಕಾಕೆ ಆಗ್ತೈತೇನ್ರಿ?" ಎಂದು ನಕ್ಕರು. ಆದರೆ ಸಾಲು ನಿಲ್ಲಿಸು ಎಂದು ಮತ್ತೆ ಹೇಳಲಿಲ್ಲ.

ಇಂಥ ಒಂದೊಂದು ಸೀಟು ಸಿಕ್ಕಾಗಲೂ ನಾನು ಮನೆಗೆ ಬಂದು ಹೇಳುತ್ತಿದ್ದೆ. ಗಿರಿಜ ಸಂತೋಷಪಟ್ಟು, ಕೊನೆಗೆ, "ಮಮತಂಗೆ ಹೇಳಿದ್ರಾ?" ಎನ್ನುತ್ತಿದ್ದಳು. ಇಲ್ಲ, ಹೇಳ್ತೀನಿ ಎನ್ನುತ್ತಿದ್ದೆ. ಒಂದೆರಡು ವರ್ಷ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮರೆತಿದ್ದಾಳೆ ಎಂದುಕೊಂಡೆ. ನನಗೆ ಹಗುರವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಇಬ್ಬರೂ ಒಂದೇ ವರ್ಷ ನಿವೃತ್ತರಾಗಿ ದುರ್ಗದಲ್ಲಿ ಒಂದು ಬಾಡಿಗೆ ಮನೆ ಮಾಡಿದೆವು. ಹೋದ ಕಾರ್ತಿಕದಲ್ಲಿ ಗಿರಿಜ ತೀರಿಕೊಂಡಳು. ಎರಡು ತಿಂಗಳ ಕಾಯಿಲೆ. ಮನೆ ತುಂಬ ಸದ್ದು ಮಾಡುವ ಹೆಂಗಸಲ್ಲ ಅವಳು. ಆದರೂ ಈಗಿನ ಮೌನ ಬೇರೆ ಥರ. ಬೆಳಿಗ್ಗೆ ಪೇಪರು ಓದುವಾಗ ಏನಾದರೂ ವಿಷಯ ಸಿಕ್ಕರೆ ತಲೆಯೆತ್ತುತ್ತೇನೆ. ಅವಳು ಕೂರುತ್ತಿದ್ದ ಕಡೆ ಕಿಟಕಿಯ ಬಿಸಿಲು ಬಿದ್ದಿರುತ್ತದೆ. ಅವಳ ಫೋಟೊಗಳಿವೆ, ಸೀರೆಗಳಿವೆ. ಅವಳ ಮಾತುಗಳು ಮಾತ್ರ ನನ್ನ ಹತ್ತಿರ ಇದ್ದಷ್ಟೇ. ಅವನ್ನೇ ತಿರುಗಿಸಿ ತಿರುಗಿಸಿ ನೆನೆಸಿಕೊಳ್ಳುತ್ತೇನೆ. ಕೆಲವು ಆಗಲೇ ಸವೆದಿವೆ, ಅವಳು ಹೇಳಿದ್ದೋ ನಾನು ಸೇರಿಸಿದ್ದೋ ತಿಳಿಯುವುದಿಲ್ಲ.

ತಿಥಿಗೆ ಹಾಸ್ಟೆಲಿನ ಹಳೆಯ ಹುಡುಗಿಯರು ಕೆಲವರು ಬಂದಿದ್ದರು. ಅವರಲ್ಲೊಬ್ಬಳು, ಮಮತ ಈಗ ಧರ್ಮಪುರದ ಕಡೆಯ ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಾಳೆ ಎಂದು ಹೇಳಿದಳು. ನಾಲ್ಕು ತಿಂಗಳು ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಿರಿಯೂರಿಗೆ ಹೋಗಿ, ಬಸ್ಸು ಬದಲಾಯಿಸಿ, ಧರ್ಮಪುರದಲ್ಲಿ ಇಳಿದೆ.

ಆಸ್ಪತ್ರೆಯ ಮುಂದೆ ಜಾಲಿಮರದ ಕೆಳಗೆ ಕುರಿಗಳಿಗೆ ಲಸಿಕೆ ಹಾಕುತ್ತಿದ್ದರು. ದೂಳು, ಕೂಗಾಟ. ಮಮತಾಳನ್ನು ಕೈಯಿಂದ ಗುರುತು ಹಿಡಿದೆ. ಕುರಿಯ ತೊಡೆ ಹಿಡಿದು, ಸೂಜಿ ಚುಚ್ಚಿ, ಬಿಟ್ಟು, ಮುಂದಿನದು. ನನ್ನನ್ನು ನೋಡಿ ಎದ್ದು ನಿಂತಳು.

"ಬರ್ರಿ ಸಾರ್. ಅಲ್ಲಿ ನೆರಳಾಗೆ ಕುಂತ್ಕಳ್ರಿ."

ಕುರಿ ಹಿಡಿದಿದ್ದ ಹಿರಿಯರೊಬ್ಬರು, "ಯಾರವ್ವ, ಆಫೀಸರ್ರಾ?" ಎಂದರು.

"ನಮ್ಮ ಶಾಲೆ ಸಾರು."

"ಮೇಷ್ಟ್ರಾ? ಮ್ಯಾಲೆ ಕೆಳಗೆ ನೋಡ್ತಾ ನಿಂತಾರೆ, ಕುರಿ ಕೊಳ್ಳಾಕೆ ಬಂದೋರು ಅನ್ಕಂಡೆ" ಎಂದರು. ಸುತ್ತಲಿನವರು ನಕ್ಕರು.

ಕೊನೆಯ ಕುರಿ ಮುಗಿಯುವವರೆಗೆ ಕಾದೆ. ಅವಳು ಕೈ ತೊಳೆದು ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕೂತಳು. ಮೇಡಂ ವಿಷಯ ಕೇಳಿದೆ ಸಾರ್, ಇಲಾಖೆ ಪರೀಕ್ಷೆ ಇತ್ತು, ಬರೋಕೆ ಆಗಲಿಲ್ಲ ಎಂದಳು. ಇನ್ನು ತಡೆದರೆ ಮತ್ತೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಎಕ್ಸೆಲ್ ಹಾಳೆ, 'ಇಲ್ಲ' ಎಂದು ಎಳೆದದ್ದು, ಬೆಂಗಳೂರಿನ ಕಿಟಕಿ, ಆಮೇಲೆ ನಾನು ಹೇಳಿದ ಸುಳ್ಳು. "ನಿನ್ನ ಅಂಕಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ ಮಮತ. ನೀನು ಆ ಪರೀಕ್ಷೆ ಬರೆದಿದ್ರೆ ಸೀಟು ಸಿಗ್ತಿತ್ತು. ತಪ್ಪು ನಂದು" ಎಂದೆ.

ಅವಳು ಕಾಲಡಿಯ ಹಿಕ್ಕೆಯನ್ನು ಚಪ್ಪಲಿಯಿಂದ ಪಕ್ಕಕ್ಕೆ ಸರಿಸಿದಳು.

"ಗೊತ್ತು ಸಾರ್. ಮೇಡಂ ಆವತ್ತೇ ಹೇಳಿದ್ರು. ಅಪ್ಪ ಟ್ರಂಕು ಹೊರಾಕೆ ಬಂದ ದಿನ."

ನಾನು ಅವಳ ಕಡೆ ತಿರುಗಿದೆ.

"ಬೇಕಾದ್ರೆ ಸೆಕ್ರೆಟರಿ ಹತ್ರ ಹೋಗಾಣ, ನಾನೂ ಬಂದು ಸಾಕ್ಷಿ ಹೇಳ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ. ತಿದ್ದೋ ಟೈಮು ಮುಗಿದೋಗಿತ್ತು, ಹೇಳಿ ಏನ್ ಮಾಡಾಣ. ನೀವು ಬರ್ತೀರಾ ಅಂತ ಎರಡು ವರ್ಷ ನೋಡಿದೆ. ಆಮೇಲೆ ಬಿಟ್ಟೆ."

"ಸಿಟ್ಟು ಬರಲಿಲ್ವಾ?"

"ಬಂತು. ಈಗ್ಲೂ ಸ್ವಲ್ಪ ಐತೆ. ಡಾಕ್ಟ್ರು ರಜೆ ಹಾಕಿದ ದಿನ ಜಾಸ್ತಿ ಆಗ್ತೈತೆ. ದನ ಸಾಯ್ತಿರ್ತೈತೆ, ಏನು ಕೊಯ್ಯಬೇಕು ಅಂತ ನಂಗೆ ಗೊತ್ತಿರ್ತೈತೆ, ಕೊಯ್ಯೋ ಹಂಗಿಲ್ಲ. ಆದ್ರೆ ದಡ್ಡಿ ಅನ್ಕಳ್ಲಿಲ್ಲ ಸಾರ್. ಮೇಡಂ ಹೇಳಿದ್ರಲ್ಲ. ಅದಕ್ಕೇ ಡಿಪ್ಲೊಮಾಗೆ ಹೋದೆ. ಇಲ್ಲಾಂದ್ರೆ ಓದೋದೇ ಬಿಡ್ತಿದ್ದೆ."

ಗಿರಿಜ ಏಕೆ ಕೇಳುವುದನ್ನು ನಿಲ್ಲಿಸಿದಳು ಎಂದು ಆಗ ಗೊತ್ತಾಯಿತು. ಹುಡುಗಿಗೆ ಬೇಕಾದದ್ದನ್ನು ಅವಳು ಆ ದಿನವೇ ಕೊಟ್ಟಾಗಿತ್ತು. ಆಮೇಲೆ ಕೇಳುತ್ತಿದ್ದುದು ನನಗೋಸ್ಕರ. ನಾನು ಹೇಳುವವನಲ್ಲ ಎಂದು ಕಂಡಾಗ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದಳು. ಅಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ಒಂದು ಸಲ ಬಾಯಿ ಬಿಡಲಿಲ್ಲ. ಅವಳಿದ್ದಿದ್ದರೆ ಹೋಗಿ ಕೇಳುತ್ತಿದ್ದೆ.

"ನನ್ನ ಬಗ್ಗೆ ಏನಾದರೂ ಹೇಳಿದಳಾ?" ಎಂದೆ.

ಮಮತ ನನ್ನ ಮುಖ ನೋಡಿದಳು. ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು.

"ಹೇಳವ್ವ. ಅವಳು ಹೇಳಿದಂಗೇ ಹೇಳು."

ಅವಳು ಸ್ವಲ್ಪ ನೆಟ್ಟಗೆ ಕೂತು, ಬಲಗೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡಳು. ಗಿರಿಜ ಹುಡುಗಿಯರಿಗೆ ಬುದ್ಧಿ ಹೇಳುವಾಗ ಕೂರುತ್ತಿದ್ದುದು ಹಾಗೇ.

"'ನಮ್ಮನೆಯೋರು ಕೆಟ್ಟೋರಲ್ಲ ಕಣೆ. ಅಂಜುಬುರುಕ. ಆವಯ್ಯ ಜೀವಮಾನ ಪೂರ್ತಿ ಬೇರೆಯೋರ ಹೆಸರಿನ ಮುಂದೆ ಹೌದು, ಇಲ್ಲ ಬರ್ದು ಬರ್ದು, ತನ್ನ ಹೆಸರಿನ ಮುಂದೆ ಬರೆಯೋದು ಕಲೀಲೇ ಇಲ್ಲ. ಒಂದಿನ ಬರ್ತಾನೆ. ಬಂದಾಗ ಜಾಸ್ತಿ ಬೈಬ್ಯಾಡ, ನೀರು ಕೊಡು. ತಿಳೀತಾ?'"

ಆ 'ತಿಳೀತಾ' ಅವಳದೇ. ಕೊನೆಯನ್ನು ಸ್ವಲ್ಪ ಎತ್ತಿ, ಉತ್ತರಕ್ಕೆ ಕಾಯದೆ ಬಿಟ್ಟುಬಿಡುವುದು. ನಲವತ್ತು ವರ್ಷ ದಿನಕ್ಕೆ ಹತ್ತು ಸಲ ಕೇಳಿದ್ದು. ಕಾರ್ತಿಕದಿಂದ ಈಚೆಗೆ ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಅವಳು ಹೋದ ಮೇಲೆ ಅವಳ ಹೊಸ ಮಾತು ಇನ್ನೊಂದು ಸಿಗುತ್ತದೆಂದು ನಾನು ತಿಳಿದಿರಲಿಲ್ಲ.

ಮಮತ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಕುಡಿದೆ.

"ಇನ್ನೊಂದು ಸಲ ಹೇಳವ್ವ" ಎಂದೆ.

ಅವಳು ಮತ್ತೆ ಕೂತು, ಮೊದಲಿಂದ ಹೇಳಿದಳು.